ಸಾಣಿಗಿ ರಿಪೇರಿ

ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ
ತೊಗರಿ ಒಡಿಯೋ ಮಿಲ್ಲಿನೊಳಗ
ನಂದು ಲೆಕ್ಕದ ಖಾತೆ, ಅದರದ್ದು ಇಲಿ ಖಾತೆ.
ಕುಸುಬಿ ಹೂವಿನ ಬಣ್ಣ, ಹೆಸರೂ ಕುಸುಬಿ.
ಪಗಾರ ಅಂದ್ರ ಮುಂಜಾನಿ ಒಂದು ಬಟ್ಟಲ ಹಾಲು,
ಬೋನಸ್ಸು ತಾನೇ ಹಿಡಕೋತಿತ್ತು.

ಮಾಘದಾಗ ಹೊಸ ತೊಗರಿ ಬಂತು.
ಎರಡು ಶಿಫ್ಟು ಮಷೀನು. ಹೊಟ್ಟಿನ ಧೂಳು
ಟ್ಯೂಬ್‌ಲೈಟಿಗಿ ದುಪ್ಪಟಿ ಹೊಚ್ಚಿತ್ತು.
ಆಗ ಸುರು ಆಯ್ತು:
ನೆಲಕ್ಕ ಹೊಟ್ಟಿ ಹಚ್ಚಿ, ಮೊಣಕೈ ಅಗಲಿಸಿ,
ಕುತ್ತಿಗಿ ಮುಂದಕ್ಕ ಚಾಚಿ
ಖೆಕ್ ಖೆಕ್ ಖೆಕ್.
ಏನೂ ಬೀಳಂಗಿಲ್ಲ.
"ಕೂದಲುಂಡಿ ಸಿಕ್ಕಾದ್ರಿ" ಅಂದ ಹಮಾಲ ಮಶಾಕಸಾಬ,
"ಒಂದು ಚಮಚ ತುಪ್ಪ ನೆಕ್ಕಸ್ರಿ."
ತುಪ್ಪ ಹೋಯ್ತು, ಕೆಮ್ಮು ಹೋಗಲಿಲ್ಲ.

ಆ ಕೆಮ್ಮಿನ ಗುರುತು ನನಗಿತ್ತು.
ಇಪ್ಪತ್ತೆರಡು ವರ್ಷ ಆಯ್ತು, ನನ್ನ ಎದಿಯೊಳಗ
ಬಾಡಿಗಿ ಕೊಡದೇ ಕುಂತಾದ.
ಒಂದು ರಾತ್ರಿ ಅದರ ಪಕ್ಕೆಲಬು
ಕಂಬಾರನ ತಿದಿ ಹಂಗ ಏರಿಳಿಯೂದು ನೋಡಿ
ಕಿಸೆದಾಗಿನ ನೀಲಿ ಪಂಪು ತಗದೆ.
ನೀರಿನ ಬಾಟ್ಲಿ ಕೊಯ್ದು, ಕೂಸುಗಳ ಮಾಸ್ಕು ಜೋಡಿಸಿ
ಪಿಸ್ಸ್…
ಹತ್ತು ಉಸಿರು ಎಣಿಸಿದೆ, ಹುಂಡಿಯ ನೋಟು ಎಣಿಸಿದಂಗ.
ತೆರೀತು. ಕುಸುಬಿ ನನ್ನ ಮುಂಗೈ ಪರಚಿ
ಚೀಲದ ಥಪ್ಪಿ ಏರಿ ಕುಂತಿತು.

ಹಂಗಂತ ದಿನಾ ಕೊಟ್ಟೆ,
ಕೆಮ್ಮಲಿ ಬಿಡಲಿ,
ನನಗೆರಡು, ಅದಕ್ಕೊಂದು.
ತಿಂಗಳೊಪ್ಪತ್ತಿನಾಗ ಕೆಮ್ಮು ತಿರುಗಿ ಬಂತು,
ಸಂಗಾಟ ಸಿಳ್ಳಿನೂ ಕರಕೊಂಡು ಬಂತು.

ದನದ ದವಾಖಾನಿ. ಎಮ್ಮಿ ಪಾಳಿ ನಡುವ
ಬುಟ್ಟಿ ಹಿಡಕೊಂಡು ನಿಂತವ ನಾನೊಬ್ಬನೇ.
ಡಾಕ್ಟರ್ ಜಗದೇವಿ ಕಿವಿಗಿ ನಳಿಗಿ ಹಚ್ಚಿ ಕೇಳಿ
"ನೀಲಿ ಪಂಪು ಯಾರದು?" ಅಂದರು.
"ನಂದೇರಿ."
ಎರಡೂ ಕೈ ಎತ್ತಿ ಎದುರಾಬದುರ ಹಿಡಿದರು:
"ಈ ಔಷಧಕ್ಕೂ ಹಿಂಗ ಎರಡು ಕೈ ಅವ,
ಕನ್ನಡಿಯೊಳಗ ನೋಡಿದಂಗ.
ಒಂದು ಕೈ ಅಗಳಿ ತಗೀತದ.
ಇನ್ನೊಂದು ಒಳಗ ಹೋಗಿ ಒಲಿ ಊದ್ತದ.
ಉಸಿರು ಕಟ್ಟಿದಾಗ ಒಮ್ಮೆ, ಜೀವ ಉಳಿಸ್ತದ.
ದಿನಾ ಅದನ್ನೇ ಕೊಟ್ರ
ಬೆಕ್ಕಿನ ಕೊಳವಿಯೊಳಗ ಬಾವು ಹೆಚ್ಚಬಹುದು.
ಬಾಗಿಲ ತೆರದಾದ ಅಂದ್ರ
ಬೆಂಕಿ ಆರ್ಯಾದ ಅಂತ ಅಲ್ಲ, ಮುನೀಮರ."
ಬಾವಿನ ಸಲುವಾಗಿ ಬ್ಯಾರೆ ಪಂಪು ಬರದರು.
ಅದು ಬಾಗಿಲ ತೆರಿಯಂಗಿಲ್ಲಂತ,
ಎರಡು ಹೊತ್ತು ಸುಮ್ಮ ನೀರು ಚಿಮುಕಸ್ತದಂತ,
ವಾರ ಹಿಡೀತದಂತ.
"ಮತ್ತ ಧೂಳಿನಿಂದ ದೂರ ಇಡ್ರಿ."

ನಾ ನಕ್ಕೆ. ನಕ್ಕಿದ್ದಕ್ಕ ಕೆಮ್ಮು ಬಂತು.
ಅವರು ನನ್ನ ಕಿಸೆ ನೋಡಿದರು,
ನಾ ಹೊರಗಿನ ಎಮ್ಮಿ ನೋಡಿದೆ.

ಈಗ ಕುಸುಬಿ ಗಾಜಿನ ಕ್ಯಾಬಿನ್ನಿನಾಗ,
ಖತಾವಣಿ ಮ್ಯಾಲ ಮಲಗ್ತದ,
ಯಾರದೋ ಬಾಕಿ ಅದರ ಹೊಟ್ಟಿ ಕೆಳಗ ಬೆಚ್ಚಗ.
ಸಾವ್ಕಾರರು ಕೇಳಿದರು:
"ಈ ಎಂಟುನೂರಾ ನಲವತ್ತು ಏನಿದು?"
"ಸಾಣಿಗಿ ರಿಪೇರಿರಿ."
ಪೂರಾ ಸುಳ್ಳಲ್ಲ.
ಗಾಳಿ ಸೋಸೂದು ಏನೋ ಒಂದು ಒಳಗ ಕೆಟ್ಟಿತ್ತು.

ಸಂಜಿಗಿ ಮಷೀನು ನಿಂತಾಗ
ತೊಡಿ ಮ್ಯಾಲ ಕೂಡಿಸಿ, ಮಾಸ್ಕು ಹಿಡಿದು ಎಣಸ್ತೀನಿ.
ಏಳು. ಎಂಟು. ಒಂಬತ್ತು.
ಮಿಲ್ಲು ಅಷ್ಟು ನಿಶ್ಶಬ್ದ
ನನ್ನ ಎದಿಯೊಳಗಿನ ಸಣ್ಣ ಸಿಳ್ಳಿ
ಅದಕ್ಕ ಕೇಳಸ್ತದ.
ಮಾಸ್ಕಿನೊಳಗಿಂದನೇ
ಒಂದು ಕಿವಿ ನನ್ನ ಕಡಿ ತಿರುಗಸ್ತದ,
ಮೈ ಬಿಗಿ ಮಾಡ್ತದ,
ಇಲಿ ಅಂತ ತಿಳದು.