ಖಾಲಿ ಕ್ರೇಟು

ಕೋಲಾರದ ಮಂಡಿಗೆ ಬೆಳಗಿನ ಜಾವ ಮೂರಕ್ಕೇ
ಟೊಮೇಟೊ ಲಾರಿಗಳು ಹಿಮ್ಮುಖವಾಗಿ ಬರುತ್ತವೆ.
ತೂಕದ ಕೋಣೆಯ ಮೂಲೆಯ ಯಂತ್ರ
ನಾಲ್ಕು ದಿನಕ್ಕೊಮ್ಮೆ, ಸರಿಯಾಗಿ ಹರಾಜಿನ ಹೊತ್ತಿಗೆ,
ಉಸಿರು ಕಟ್ಟಿ ಕೂರುತ್ತದೆ.
“ಆರ್ಸಿ ಹಚ್ಚಿ ಮೇಡಂ, ಸರಿಹೋಗ್ತದೆ” ಅಂತಾನೆ ಇಮ್ದಾದ್.
ಸರಿಹೋಗುತ್ತದೆ. ಅದೇ ನನ್ನ ತಕರಾರು.
ಸತ್ತು ಹುಟ್ಟಿದ್ದಕ್ಕೆ ಹಿಂದಿನದೇನೂ ನೆನಪಿರುವುದಿಲ್ಲ,
ನನಗೆ ಬೇಕಾದದ್ದು ಅದರ ನೆನಪೇ.

ಮೂರು ರಾತ್ರಿ ಕಾದೆ. ಗಂಟೆಗೊಮ್ಮೆ
ಸ್ಲ್ಯಾಬ್ ಪಟ್ಟಿ ತೆಗೆದು, ಹಳೆಯದರ ಪಕ್ಕ ಇಟ್ಟು
ಬೆರಳಿಟ್ಟು ಓದಿದೆ.
ಎಲ್ಲ ಅಂಕಿಗಳೂ ಏರಿ ಇಳಿಯುತ್ತವೆ, ಸಂಸಾರಸ್ಥರ ಹಾಗೆ.
ಒಂದು ಮಾತ್ರ ಏರುತ್ತದೆ:
ಪ್ಯಾಕೆಟ್ಟಿಗೆಂದು ಕರ್ನಲ್ ಕೊಟ್ಟ ಪುಟ್ಟ ಪುಟ್ಟ ಜಾಗಗಳು.
ಕೊಟ್ಟದ್ದುಂಟು, ತಿರುಗಿ ಪಡೆದದ್ದಿಲ್ಲ.
ಸೋರಿಕೆ ಅನ್ನುತ್ತಾರೆ ಇದನ್ನು; ತಪ್ಪು ಪದ.
ಹೊರಕ್ಕೆ ಒಂದು ಹನಿಯೂ ಹೋಗಿಲ್ಲ. ಎಲ್ಲ ಒಳಗೇ ಇದೆ,
ಯಾರದೆಂದು ಯಾರಿಗೂ ಗೊತ್ತಿಲ್ಲದೆ.

ಮಂಗಳವಾರ ರಾತ್ರಿ ಅಂಕಿ ಓಡತೊಡಗಿತು.
ಮಂಗಳವಾರವೇ ಯಾಕೆ?
ಹೊರಬಂದು ನೋಡಿದರೆ ನಾರೆಮ್ಮ ಪೈಪು ಹಿಡಿದು
ಅಂಗಳ ತೊಳೆಯುತ್ತಿದ್ದಳು; ಕೊಳೆತ ಹಣ್ಣಿನ ಕೆಂಪು ನೀರು
ಕೇಬಲ್ಲಿನ ಜೋಡಣೆ ನೆನೆಸಿ ಚರಂಡಿಗೆ.
ಒದ್ದೆ ಜೋಡಣೆ, ಮುರುಕು ಪ್ಯಾಕೆಟ್ಟು.
ಸರಿ, ಮುರಿದದ್ದನ್ನು ಬಿಸಾಡಬೇಕು. ಬಿಸಾಡುತ್ತದೆ ಕೂಡ.
ಮತ್ತೆ?

ಕ್ರೇಟಿನ ಖಾತೆ ಬರೆಯುವ ಪಿಳ್ಳಪ್ಪ ಟೀ ತಂದ.
ಅವನಿಗೆ ಕರ್ನಲ್ ಅಂದರೆ ಮಿಲಿಟರಿಯವನು.
“ನಂಗೂ ಇದೇ ಕಾಯಿಲೆ ಮೇಡಂ, ತಿಂಗಳಿಗೆ ಇನ್ನೂರು ಕ್ರೇಟು ಮಾಯ.
ಮಾರಿದ ಮಾಲಿನ ಕ್ರೇಟು ಬಂದೇ ಬರ್ತದೆ.
ರಿಜೆಕ್ಟಾದ ಮಾಲು ಐತಲ್ಲ, ಹಣ್ಣು ತಿಪ್ಪೆಗೆ ಸುರೀತಾರೆ,
ಕ್ರೇಟು ಅಲ್ಲೇ ಬಿಟ್ಟು ಬರ್ತಾರೆ.
ತರೋದು ಯಾರ ಕೆಲಸ ಅಂತ ಯಾರೂ ಹೇಳಿಲ್ಲ.”

ಟೀ ಆರಿತು.
ಡ್ರೈವರಿನ ಕಡತ ತೆರೆದೆ. ಒಳ್ಳೆಯ ದಾರಿಯನ್ನು
ಬರೆದವರು ಅಕ್ಕರೆಯಿಂದಲೇ ಬರೆದಿದ್ದಾರೆ,
ಪಡೆದದ್ದನ್ನೆಲ್ಲ ಕೊನೆಗೆ ಮರಳಿಸಿದ್ದಾರೆ.
ಸಾವಿರದ ಇನ್ನೂರ ಏಳನೆಯ ಸಾಲು:
ಮೊತ್ತ ತಾಳೆಯಾಗದಿದ್ದರೆ ಹಿಂತಿರುಗು.
ಅಷ್ಟೆ.
ಕೈಯಲ್ಲಿರುವುದನ್ನು ಕೆಳಗಿಟ್ಟು ಹೋಗು ಎಂದಿಲ್ಲ.

ಒಂದು ಸಾಲು ಸೇರಿಸಿದೆ.

ಮುಂದಿನ ಬುಧವಾರದ ಹರಾಜಿಗೆ ಯಂತ್ರ ಉಸಿರಾಡುತ್ತಿತ್ತು.
ಯಾರೂ ಗಮನಿಸಲಿಲ್ಲ. ಇಮ್ದಾದ್ ಮಾತ್ರ
ಅಭ್ಯಾಸಬಲದಿಂದ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದ,
ಏನು ಮಾಡಬೇಕೆಂದು ತೋಚದೆ.
ಕಿಟಕಿಯಾಚೆ ಪಿಳ್ಳಪ್ಪ
ತಳ್ಳುಗಾಡಿ ಹಿಡಿದು ತಿಪ್ಪೆಯ ಕಡೆ ಹೊರಟಿದ್ದ,
ಬೈಯುತ್ತ, ಎಣಿಸುತ್ತ.