ರುಚಿಗೆ ಜಾಗವಿಲ್ಲ

ಹರ್ಬೇರಿಯಂ ಹಾಳೆಯ ಬಲಮೂಲೆಯ ಚೀಟಿಯಲ್ಲಿ
ಹೆಸರಿಗೆ ಜಾಗ ಉಂಟು, ಕುಟುಂಬಕ್ಕೆ ಉಂಟು,
ಸಿಕ್ಕಿದ ಊರಿಗೆ, ತಾರೀಕಿಗೆ, ಹೂವಿನ ಬಣ್ಣಕ್ಕೆ.
ಒಣಗಿದರೆ ಬಣ್ಣ ಹೋಗುತ್ತದೆ, ಬರೆದಿಡಬೇಕು.
ರುಚಿಗೆ ಇಲ್ಲ.

ಮೂವತ್ತೊಂದು ವರ್ಷ ಈ ಲ್ಯಾಬಿನ ಅಟೆಂಡರು ನಾನು.

ಇದು ಜೆಪ್ಪುವಿನ ಕಾರ್ಮಿನ್ ಬಾಯಿಯ ಹಿತ್ತಲಿನದ್ದು.
ಹಂಚಿನ ಕಾರ್ಖಾನೆ ಮುಚ್ಚಿದ ಮೇಲೆ ಉಳಿದ ಚೂರು
ಕುಂಡದ ತಳಕ್ಕೆ ತುಂಬಿ, ಮೇಲೆ ಮರಳು,
ಮೇಲೆ ಮುರಕಲ್ಲಿನ ಕೆಂಪು ಹುಡಿ.
"ಇದಕ್ಕೆ ನೀರು ಬೇಕು, ನೀರಲ್ಲಿ ನಿಲ್ಲಲಿಕ್ಕೆ ಆಗುವುದಿಲ್ಲ,
ನಮ್ಮ ಲಿಗೋರಿಯ ಹಾಗೆ" ಎಂದಳು.
ಲಿಗೋರಿ ಅವಳ ಗಂಡ. ಬಂದರಿನಲ್ಲಿ ದೋಣಿಗಳ ಲೆಕ್ಕ ಬರೆಯುವವ,
ದೋಣಿ ಹತ್ತಿದರೆ ವಾಂತಿ.

ಮೊಣಕಾಲೆತ್ತರ. ಕಾಂಡಕ್ಕೆ ಎಳೆಯ ರೋಮ.
ಒಂದು ಜೋಡಿ ಎಲೆ ಮೂಡುಪಡು ನೋಡಿದರೆ
ಮೇಲಿನ ಜೋಡಿ ತೆಂಕುಬಡಗು.
ತೊಟ್ಟು ಇದ್ದೂ ಇಲ್ಲದ ಹಾಗೆ.
ಬುಡದಿಂದ ನಡುವಿನವರೆಗೆ ಅಂಚು ನಯ, ಆಮೇಲೆ ಗರಗಸ:
ಕೆತ್ತುವವನಿಗೆ ಹಲ್ಲಿನ ನೆನಪು
ಅರ್ಧ ದಾರಿಯಲ್ಲಿ ಬಂದಂತೆ.

ಮೈಕ್ರೋಸ್ಕೋಪಿನ ಕೆಳಗೆ ಎಲೆಯ ಬೆನ್ನು.
ಉದ್ದ ರೋಮ, ಗಿಡ್ಡ ರೋಮ, ನಡುವೆ ಎಣ್ಣೆ ತುಂಬಿದ ಗುಳ್ಳೆ.
ಝುಲೈಖಾ ಒಂದು ಕಣ್ಣು ಮುಚ್ಚಿ ಕೇಳಿದಳು:
"ಸಿಹಿ ಎಲ್ಲಿ ಉಂಟು ಸಂಜೀವಣ್ಣ? ಕಾಣುವುದಿಲ್ಲವಲ್ಲ."

ಕಾಣುವುದಿಲ್ಲ.
ಜಗಿದರೂ ಮೊದಲು ಬರೀ ಹುಲ್ಲು.
ಹುಲ್ಲೇ ಎಂದು ಉಗುಳಲು ಹೊರಟಾಗ ಬರುತ್ತದೆ,
ಬಂದರೆ ಬೇಗ ಹೋಗುವ ನೆಂಟ ಅಲ್ಲ,
ಹಿಂದೆಯೇ ಒಂದು ಕಹಿಯನ್ನೂ ಕರಕೊಂಡು ಬಂದಿರುತ್ತದೆ.
ಕಬ್ಬಿನ ಕುಲವಲ್ಲ ಇದು. ಸೇವಂತಿಗೆಯ ಬಳಗ.

ಬೆಂಚಿನ ಮೇಲೆ ಒಂದು ಎಲೆ ಇಟ್ಟಿದ್ದೆ, ಪಕ್ಕದಲ್ಲಿ ಚಹಾದ ಲೋಟ.
ಇರುವೆ ಸಾಲು ಎಲೆಯ ಹತ್ತಿರ ಬಂದು, ಸ್ವಲ್ಪ ಓರೆಯಾಗಿ,
ಲೋಟಕ್ಕೆ ಹೋಯಿತು.
ಹೊಟ್ಟೆಗೆ ಏನೂ ಇಲ್ಲದ ಸಿಹಿ
ಅವಕ್ಕೆ ಯಾರು ಹೇಳಿಕೊಟ್ಟರೋ.

ಹಗಲು ಮೋಟಾಗುವ ತಿಂಗಳಲ್ಲಿ ಮೊಗ್ಗು.
ಹೂ ಬಂದರೆ ಎಲೆಯ ಸಿಹಿ ಇಳಿಯುತ್ತದೆಂದು
ಕಾರ್ಮಿನ್ ಬಾಯಿ ಉಗುರಿನಲ್ಲಿ ಚಿವುಟುತ್ತಾಳೆ.
ಒಂದು ಸಾಲು ಮಾತ್ರ ನನಗೆಂದು ಬಿಟ್ಟಳು.
ನುಚ್ಚಕ್ಕಿಯಷ್ಟು ಬಿಳಿ ಕೊಳವೆಗಳು, ಐದು ಸೇರಿ ಒಂದು ಹೂವೆಂಬ ಸೋಗು,
ಗಂಟಲಲ್ಲಿ ನೇರಳೆಯ ಗುಮಾನಿ.
ಮುಜಂಟಿಗಳು ಬಿಸಿಲೇರುವವರೆಗೆ
ಕುಂಡದಿಂದ ಕುಂಡಕ್ಕೆ ದುಡಿದವು.

ಬೀಜಕ್ಕೆ ಕೂದಲಿನ ಕುಚ್ಚು, ಗಾಳಿಗೆ ತಯಾರು.
ಕಪ್ಪಾದರೆ ಕಾಳು, ಪೇಲವವಾದರೆ ಜೊಳ್ಳು.
ಲೆನ್ಸಿಟ್ಟು ನೂರ ನಲವತ್ತು ಎಣಿಸಿದೆವು. ಎಲ್ಲ ಜೊಳ್ಳು.

ತನ್ನ ಪರಾಗ ತನಗೆ ಕೂಡುವುದಿಲ್ಲ, ಎಂದೆ.
"ಪಕ್ಕದಲ್ಲಿ ಅಷ್ಟು ಕುಂಡ ಉಂಟಲ್ಲ?"
ಅಷ್ಟೂ ಒಂದೇ ತಾಯಿಯ ಗೆಲ್ಲು, ಮಾರಾಯ್ತಿ.
ಹನ್ನೆರಡು ಕುಂಡದಲ್ಲಿ ನಿಂತ ಒಂದೇ ಗಿಡ.
ಮುಜಂಟಿ ಅದರಿಂದ ಅದಕ್ಕೇ ಹೋಗಿ ಬಂತು.
ಝುಲೈಖಾ ಮಾತಾಡಲಿಲ್ಲ.
ಗೋಡೆಯ ಭೂಪಟದಲ್ಲಿ ಪರಾಗ್ವೆ ಹುಡುಕಿದಳು,
"ಇದಕ್ಕೆ ಸಮುದ್ರವೇ ಇಲ್ಲ" ಎಂದಳು,
ಯಾರದೋ ಮನೆಗೆ ಬಾವಿ ಇಲ್ಲ ಅನ್ನುವ ದನಿಯಲ್ಲಿ.

ಒಣಗಿಸಿ, ಒತ್ತಿ, ಹಾಳೆಗೆ ಹೊಲಿದಾಯಿತು.
ಇನ್ನು ಹುಳ ಹಿಡಿಯದಂತೆ ಪಾದರಸದ ಉಪ್ಪು ಸವರಬೇಕು,
ಹಳೇ ಪದ್ಧತಿ, ವಿಷ.
ಎಲೆ ಕಂದಿದರೂ ಸಿಹಿ ಹಾಗೇ ಇರುತ್ತದಂತೆ,
ಕಬ್ಬಿಣದ ಕಪಾಟಿನಲ್ಲಿ, ನನ್ನ ಪಿಂಚಣಿಯ ಆಚೆಗೂ,
ಯಾರೂ ನಾಲಿಗೆ ತಾಗಿಸಬಾರದ ಸಿಹಿ.

ಕುಂಚ ಅದ್ದುವ ಮೊದಲು
ಮೇಲಿನಿಂದ ನಾಲ್ಕನೆಯ ಗೆಣ್ಣಿನ ಒಂದು ಎಲೆ ಕಿತ್ತು
ಅರ್ಧ ಅವಳಿಗೆ ಕೊಟ್ಟೆ. ಅರ್ಧ ಬಾಯಿಗೆ ಹಾಕಿಕೊಂಡೆ.
ಹುಲ್ಲು, ಹುಲ್ಲು, ಕಾದೆವು.

ಚೀಟಿಯಲ್ಲಿ ಬರೆದೆ:
ಎಲೆಗಳು ಎದುರುಬದುರು,
ಒಂದು ಗೆಣ್ಣಿನಲ್ಲಿ ಬಿಟ್ಟು.