ಎಡಗಡೆ ಸೀಟು

ಇಳಕಲ್ಲಿನ ಕೆಂಪು ಕಲ್ಲು ಹೇರಿಕೊಂಡು
ಮಂಗಳೂರು ಬಂದರದ ತನಕ ಹದಿನೆಂಟು ವರ್ಷ ಲಾರಿ ಹೊಡದಾಂವ ನಾ.
ಅರಬೈಲ್ ಘಟ್ಟದಾಗ ಬ್ರೇಕು ಕಾದು ಹೊಗಿ ಎದ್ದಾಗೂ
ಬಾಯಾಗಿನ ಎಲಿ ಉಗುಳಿದಾಂವಲ್ಲ.
ಕಲಿಸೂದು ಅಂದ್ರ ಏನ್ ದೊಡ್ಡದು, ಅಂದೆ.

ದಸ್ತಗೀರ ಮಾಸ್ತರ ಕಾಗದಾ ಕೇಳಿದ್ರು.
ಲೈಸನ್ಸ್ ಇತ್ತು, ಅಂಚು ಸವದಿತ್ತು.
ಮೆಕ್ಯಾನಿಕ್ಕಿನ ಸರ್ಟಿಫಿಕೇಟು ಇರಲಿಲ್ಲ.
ಹತ್ತನೇತ್ತಾ ಗಣಿತದಾಗ ಬಿದ್ದಿದ್ದ ಹದಿನಾಕು ಮಾರ್ಕು
ಇಷ್ಟು ವರ್ಷ ಎಲ್ಲಿ ಅಡಗಿತ್ತೋ,
ಮಾಸ್ತರ ಮೇಜಿನ ಮ್ಯಾಲ ಬಂದು ಕುಂತಿತು.

ಮಗಳು ಪ್ರತೀಕ್ಷಾ ಅಡಿಗಿಮನಿ ಫರಸಿ ಮ್ಯಾಲ
ಸೀಮೆಸುಣ್ಣದಲೆ ತ್ರಿಕೋನ ತಗದಳು.
“ಲಾರಿ ರಿವರ್ಸ್ ಹಾಕೂ ಮುಂದ ಕಣ್ಣಾಗ ಅಳೀತಿಯಲ್ಲಪ್ಪಾ,
ಅದನ್ನ ಬರದು ತೋರಸು, ಅಷ್ಟ.”
ಮೂವತ್ತೆಂಟು ಬಂತು.
ಓಣಿಗೆಲ್ಲಾ ಫೇಡೆ ಹಂಚಿದಾಕಿ ಅಕಿ, ನಾಚಿಕೊಂಡಾಂವ ನಾ.
ಆಮ್ಯಾಲ ಐಟಿಐನ ಬೆಂಚು,
ಮೀಸಿ ಮೂಡದ ಹುಡುಗರ ನಡುವ ಕಾರ್ಬೊರೇಟರು ಬಿಚ್ಚೂದು,
“ಕಾಕಾ, ಸ್ಪ್ಯಾನರ್ ಕೊಡ್ರಿ” ಅನಿಸಿಕೊಳ್ಳೂದು.

ಎಲ್ಲಾ ಮುಗೀತು ಅಂತ ಬಂದ್ರ
ಮಾಸ್ತರ ಎಡಗಡೆ ಬಾಗಿಲಾ ತಗದ್ರು.
ಹದಿನೆಂಟು ವರ್ಷ ಆ ಸೀಟಿನ್ಯಾಗ
ನನ್ನ ಕ್ಲೀನರ್ ಹುಡುಗ ನಿದ್ದಿ ಹೊಡೀತಿದ್ದ!
ಸ್ಟೇರಿಂಗ್ ಇಲ್ಲ. ಕೈ ಎಲ್ಲಿ ಇಡಬೇಕು ತಿಳೀಲಿಲ್ಲ, ತೊಡಿ ಮ್ಯಾಲ ಇಟಗೊಂಡೆ,
ಕನ್ಯಾ ನೋಡಾಕ ಹೋದ ವರನಂಗ.
ಕಾಲ ಬುಡಕ ಇನ್ನೊಂದು ಬ್ರೇಕು.
ಅದರ ಮ್ಯಾಲ ಒಂದು ಎಳೀ ವೀಳ್ಯದೆಲಿ ಹಾಸಿದ್ರು ಮಾಸ್ತರ.
“ಸಂಜೀಗೆ ತೋರಸು. ಹರಿದಿದ್ರ, ಯಾಕ ಹರೀತು ಅಂತ ಹೇಳು.”

ಮೊದಲನೇ ವಾರ ಹನ್ನೊಂದು ಎಲಿ.

ನವನಗರದ ಸೆಕ್ಟರ್ ರಸ್ತೆ ಅಗಲ, ಖಾಲಿ,
ಮುಳುಗಿದ ಊರಿನ ಮಂದಿಗೆ ಅಂತ ದಾರಾ ಹಿಡಿದು ಹಾಕಿದ್ದು.
ಹಳೇ ಬಾಗಲಕೋಟ್ಯಾಗ ಎರಡು ಎಮ್ಮಿ ಎದುರಾದ್ರ
ಒಂದು ಹಿಂದ ಸರೀಬೇಕಿತ್ತು.
ಇಲ್ಲಿ ಬ್ಯಾಂಕಿನ ಕಾರಕೂನ ಹಗಲಾಗ ವೈಪರ್ ಹಾಕತಾನ,
ಇಂಡಿಕೇಟರ್ ಅಂತ ತಿಳದು.
ಕಾಲೇಜು ಹುಡುಗ ಮೂರನೇ ದಿನಾನ ಒಂದ ಕೈಲೆ ತಿರಗಸತಾನ.
ಅಂವಗ ಎಲಿ ಹರೀಲಿ ಬಿಡ್ರಿ, ಚಿಂತಿಲ್ಲ.

ಯಮನವ್ವ ಸಿಸ್ಟರ್ ಬಂದ್ರು, ಐವತ್ತನಾಕು ವಯಸ್ಸು.
ಸಾವಿರ ಹೆರಿಗಿ ಮಾಡಿಸಿದ ಕೈ ಸ್ಟೇರಿಂಗ್ ಮ್ಯಾಲ ಗಡಗಡ.
ಹಿನ್ನೀರಿಗೆ ಇಳಿಯೂ ಹಳೇ ಡಾಂಬರ ದಾರ್ಯಾಗ
ಗಾಡಿ ಮ್ಯಾಲ ಮುಖ ಮಾಡಿ ನಿಲ್ಲಿಸಿದೆ.
ಕನ್ನಡಿ ತುಂಬ ನೀರು, ಅದರೊಳಗ ಹೋಗಿ ಮುಗಿಯೂ ರಸ್ತೆ.
“ಅರ್ಧ ಕ್ಲಚ್ ಬಿಡ್ರಿ.”
ಗಾಡಿ ಹಿಂದ ಜಾರಿತು. ಒಂದ ಗೇಣು.
ನನ್ನ ಕಾಲು ಎಲಿ ಮುಟ್ಟಿತು. ಎಲಿ ತಣ್ಣಗಿತ್ತು.
ಎರಡು ಗೇಣು.
ನಾ ಇನ್ನೂ ಏನ ಕಲಿಸೀನಿ, ಏನ ಮರತೀನಿ,
ಎಲ್ಲಾ ಹಿಂಬಡ್ಡಲೆ ಆ ಪಾದದೊಳಗ ಇಳೀತು.
ಆಗ ಎಂಜಿನ್ನಿನ ದನಿ ದಪ್ಪ ಆತು,
ಬಾನೆಟ್ಟು ಒಂಚೂರು ಮೂಗು ಎತ್ತಿತು,
ಗಾಡಿ ನಿಂತಿತು, ತಾನ ಏರಿತು.

ಏರಿ ಮುಗದ ಮ್ಯಾಲ ಸಿಸ್ಟರ್ ಬೆವರು ಒರಸಿಕೊಂಡು ಅಂದ್ರು:
“ಕೂಸಿನ ತಲಿ ಕಂಡಾಗ ನಾನೂ ಹಿಂಗ ನಿಂದರತೀನ್ರಿ.
ಕೈ ಹಾಕಬೇಕು ಅನಸತೈತಿ. ಹಾಕೂದಿಲ್ಲ.”
ನಾ ಏನೂ ಹೇಳಲಿಲ್ಲ.
ಮುಂದಿನ ತಿರುವಿನ್ಯಾಗ ಒಂದು ಹಂದಿ ಅಡ್ಡ ಬಂತು.

ಸಂಜಿಗೆ ಮಾಸ್ತರ ಎಲಿ ಬೆಳಕಿಗೆ ಹಿಡದು ನೋಡಿದ್ರು.
ನಡುವ ಸೀಳಿತ್ತು.
“ಯಾಕ?”
“ಹಂದಿ ಬಂತ್ರಿ.”
“ಹಂದಿಗೆ ಒತ್ತಬೇಕಪಾ,” ಅಂದ್ರು,
ಎಲಿ ಹೊರಗಿನ ಆಡಿಗೆ ಒಗದ್ರು.
ಮರುದಿನ ಹೊಸಾ ಎಲಿ ಹಾಸಲಿಲ್ಲ.

ಇವತ್ತಿಗೂ ಹುನಗುಂದದ ಬಸ್ಸಿನ್ಯಾಗ ಕುಂತ್ರ
ಪ್ರತಿ ತಿರುವಿಗೂ ನನ್ನ ಬಲಗಾಲು ನೆಲಾ ಒತ್ತತೈತಿ.
ಹೆಂಡತಿ ನೋಡೂದಿಲ್ಲ, ಕಿಡಕಿ ಕಡೆ ಮುಖಾ ಮಾಡಿ
ಮಣಕಾಲ ಮ್ಯಾಲ ಕೈ ಇಡತಾಳ:
“ಅಂವಾ ಹೊಡೀತಾನ, ಬಿಡ್ರಿ.”